ನನ್ನ ಪಾಲಿನ ನಲ್ಲಿ ಮೂಳೆ

ನಮ್ಮ ಮನೆಯ ಭಾನುವಾರದ ಮಟನ್ ಸಾರಿನಲ್ಲಿ ನಲ್ಲಿ ಮೂಳೆ ಒಂದೇ ಇರುತ್ತಿತ್ತು. ಅಮ್ಮ ಬೆಳಗಿನ ಪೂಜೆ ಮುಗಿಸಿಕೊಂಡು, ಚರ್ಚಿನಿಂದ ನೇರವಾಗಿ ಬೇಗೂರು ರಸ್ತೆಯ ಮಟನ್ ಅಂಗಡಿಗೆ ಹೋಗಿ, ಅಂಗಡಿಯವನ ಜೊತೆ ಒಂದು ಸುತ್ತು ಜಗಳವಾಡಿ, ಅರ್ಧ ಕೆಜಿಯೊಳಗೆ ಒಂದು ನಲ್ಲಿ ಹಾಕಿಸಿಕೊಂಡೇ ಬರುತ್ತಿದ್ದಳು. ಅಪ್ಪ ಇರುವವರೆಗೆ ಅದು ಅಪ್ಪನ ತಟ್ಟೆಗೆ ಹೋಗುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ, ಯಾರೂ ಏನೂ ಹೇಳದೆ, ನನ್ನ ತಟ್ಟೆಗೆ ಬಂತು. ಅಮ್ಮ ತಲೆ ಸವರುವವಳಲ್ಲ, ಬಾಯಿ ತುಂಬ ಮಗಳೇ ಎಂದು ಕರೆಯುವವಳೂ ಅಲ್ಲ. ಮುದ್ದೆಯ ಪಕ್ಕದಲ್ಲಿ ಆ ಮೂಳೆ ಇಟ್ಟು, ಅದರ ಮೇಲೆ ಎರಡು ಸಲ ಸಾರು ಸುರಿದು, "ತಿನ್ನು" ಎನ್ನುತ್ತಿದ್ದಳು. ನಾನು ಅದನ್ನು ತಟ್ಟೆಗೆ ಕುಟ್ಟಿ, ಒಳಗಿನ ಮಜ್ಜೆಯನ್ನು ಸೊರ್ರೆಂದು ಹೀರಿ, ಒಂದು ವಾರಕ್ಕಾಗುವಷ್ಟು ಪ್ರೀತಿ ಸಿಕ್ಕಿತೆಂದುಕೊಂಡು ಸೋಮವಾರ ಕೆಲಸಕ್ಕೆ ಹೋಗುತ್ತಿದ್ದೆ.

ಆ ಮೂಳೆ ಒಂದು ಭಾನುವಾರ ಇನ್ನೊಬ್ಬರ ತಟ್ಟೆಗೆ ಹೋಯಿತು. ಯಾರ ತಟ್ಟೆಗೆ ಅಂದರೆ, ನನ್ನನ್ನು ಮದುವೆಯಾಗುತ್ತೇನೆಂದು ಒಪ್ಪಿಕೊಂಡು ಓಡಿಹೋಗಿದ್ದವನ ತಟ್ಟೆಗೆ.

ಮೊದಲು ಆ ಓಡಿಹೋದ ಕಥೆ ಹೇಳಿಬಿಡುತ್ತೇನೆ. ನಮ್ಮದು ಸಿಂಗಸಂದ್ರದಲ್ಲಿ ತಲೆಮಾರುಗಳಿಂದ ಇರುವ ಕ್ರೈಸ್ತರ ಮನೆ. ಅವನದು ಬೇಗೂರಿನ ಕಡೆ. ಲಾರಿ ಓಡಿಸುತ್ತಿದ್ದ, ಚರ್ಚಿನಲ್ಲಿ ಚೆನ್ನಾಗಿ ಹಾಡುತ್ತಿದ್ದ, ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಹುಡುಗ ಹುಡುಗಿಯ ಹೆಸರು ಓದುತ್ತಾರೆ. ಈ ಮದುವೆಗೆ ಯಾರದಾದರೂ ಅಡ್ಡಿಯಿದ್ದರೆ ಹೇಳಿ ಎಂದು ಕೇಳುವುದು ಅದರ ಉದ್ದೇಶ. ಎರಡು ಭಾನುವಾರ ಓದಿದರು. ಮೂರನೆಯದಕ್ಕೆ ಮುಂಚೆ ಅವನು ಲೋಡು ತುಂಬಿಕೊಂಡು ಹೊಸೂರು ಕಡೆ ಹೋದವನು ತಿರುಗಿ ಬರಲಿಲ್ಲ. ಕೃಷ್ಣಗಿರಿಯಲ್ಲಿ ಯಾರದೋ ಜೊತೆ ಇದ್ದಾನೆ ಎಂದು ಅವನ ಕ್ಲೀನರು ಬಂದು ಹೇಳಿದ. ಎರಡೂ ಮನೆಯವರು ಬಾಗಿಲು ಹಾಕಿಕೊಂಡು ಅತ್ತರೇ ಹೊರತು, ಫಾದರ್‌ಗೆ ಹೋಗಿ ಹೇಳಬೇಕು ಎನ್ನುವುದು ಒಬ್ಬರಿಗೂ ಹೊಳೆಯಲಿಲ್ಲ. ಮೂರನೇ ಭಾನುವಾರ ಆ ಪುಣ್ಯಾತ್ಮರು ಗಟ್ಟಿ ದನಿಯಲ್ಲಿ ನಮ್ಮಿಬ್ಬರ ಹೆಸರನ್ನೂ ಓದಿ, ಅಡ್ಡಿಯಿದೆಯೇ ಎಂದು ಕೇಳಿದರು. ಇಡೀ ಚರ್ಚು ತಿರುಗಿ ನನ್ನನ್ನು ನೋಡಿತು. ಅಡ್ಡಿ ಏನೂ ಇಲ್ಲ ಫಾದರ್, ಗಂಡೇ ಇಲ್ಲ ಎಂದು ಎದ್ದು ನಿಂತು ಹೇಳಬೇಕೆನಿಸಿತು.

ಅಮ್ಮ ನನ್ನ ಪಕ್ಕದಲ್ಲೇ ಕೂತಿದ್ದಳು. ತಲೆ ಬಗ್ಗಿಸಿಕೊಂಡು ಜಪಸರದ ಮಣಿ ತಿರುಗಿಸುತ್ತಿದ್ದಳು. ಒಂದು ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಮಾತ್ರ, "ನಿನ್ ಬಾಯಿ ವಸಿ ಜಾಸ್ತಿ ಆಯ್ತು ಕಣೆ, ಗಂಡ್ಮಕ್ಳು ಎದುರ್ಕೊಂತಾರೆ" ಎಂದಳು. ಆ ಮಾತನ್ನು ನಾನು ಮರೆಯಲಿಲ್ಲ. ಆಮೇಲೆ ಬಂದ ಸಂಬಂಧಗಳನ್ನೆಲ್ಲ ನಾನೇ ಬೇಡವೆಂದೆ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಬೆಸುಗೆ ಹಾಕಿದ ಬೋರ್ಡುಗಳನ್ನು ಭೂತಗನ್ನಡಿಯ ಕೆಳಗಿಟ್ಟು ತಪ್ಪು ಹುಡುಕುವುದು. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಕೆಲಸ. ಅಲ್ಲಿ ಸಂಬಳಕ್ಕೆ ತಪ್ಪು ಹುಡುಕುತ್ತಿದ್ದೆ, ಮನೆಯಲ್ಲಿ ಪುಕ್ಕಟೆ ಹುಡುಕುತ್ತಿದ್ದೆ. ಅಪ್ಪನೂ ಹೋದ ಮೇಲೆ ಉಳಿದವರು ನಾವಿಬ್ಬರೇ, ನಾನು ಮತ್ತು ಅಮ್ಮ. ಅಮ್ಮ ಪೂರ್ತಿಯಾಗಿ ನನ್ನವಳು ಎನ್ನುವುದೊಂದೇ ಆ ಮದುವೆ ಮುರಿದುಹೋದದ್ದರಿಂದ ನನಗೆ ಸಿಕ್ಕ ಲಾಭ.

ಹೊಸೂರು ರಸ್ತೆಯ ಮೇಲೆ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ಕಾಲ ಅದು. ಮನೆಯೊಳಗೆ ಎಷ್ಟು ಒರೆಸಿದರೂ ಮೇಜಿನ ಮೇಲೆ ಬಿಳಿ ಧೂಳು ಕೂತಿರುತ್ತಿತ್ತು. ಕ್ರಿಸ್‌ಮಸ್ ಕಳೆದ ಮೇಲಿನ ಒಂದು ಭಾನುವಾರ, ನಾನು ಮಸಾಲೆ ರುಬ್ಬಿಟ್ಟು ಕಾಯುತ್ತಿದ್ದೆ. ಅಮ್ಮ ಬಾಗಿಲಲ್ಲಿ ಮಟನ್ ಕವರು ಹಿಡಿದು ನಿಂತಿದ್ದಳು. ಹಿಂದೆ ಒಬ್ಬ ಮುದುಕ. ಮುದುಕನಲ್ಲ, ಅವನು. ಅಂಗಿ ಹ್ಯಾಂಗರಿಗೆ ಹಾಕಿದಂತೆ ಮೈಮೇಲೆ ತೂಗುತ್ತಿತ್ತು. ಕೆನ್ನೆಯ ಗುಳಿ ಇದ್ದ ಜಾಗದಲ್ಲಿ ಬರೀ ಹಳ್ಳ.

ಅವನಿಗೆ ಏಡ್ಸ್ ಎನ್ನುವುದು ಊರಿಗೆಲ್ಲ ಗೊತ್ತಿತ್ತು. ಕೃಷ್ಣಗಿರಿಯ ಹೆಂಗಸು ಕೈಬಿಟ್ಟಿದ್ದಳು. ಅಣ್ಣಂದಿರು ಮನೆಯೊಳಗೆ ಸೇರಿಸಿರಲಿಲ್ಲ. ಚರ್ಚಿನ ಅಂಗಳದಲ್ಲಿ ಮಾತೆಯ ಪ್ರತಿಮೆಯಿರುವ ಗವಿಯ ಹತ್ತಿರ ಕೂತಿದ್ದನಂತೆ, ಅವನು ಕೂತ ಕಲ್ಲುಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲವಂತೆ. ಅಮ್ಮ ಹೋಗಿ ಪಕ್ಕದಲ್ಲಿ ಕೂತು, ಊಟಕ್ಕೆ ಬಾ ಎಂದು ಕರೆದುಕೊಂಡು ಬಂದಿದ್ದಳು. ನಾನು ಅಮ್ಮನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕೇಳಿದೆ.

"ನಿಂಗೆ ಬುದ್ಧಿ ಇದ್ಯೇನಮ್ಮ? ಯಾರನ್ನ ಕರ್ಕೊಂಡ್ಬಂದಿದ್ದೀಯ ಗೊತ್ತಾ?"

"ಗೊತ್ತು. ಅಸ್ಕೊಂಡಿರೋನ್ನ."

"ನನ್ನ ಇಡೀ ಚರ್ಚಲ್ಲಿ ಮರ್ಯಾದೆ ತೆಗ್ದೋನು ಅವ್ನು."

"ಊಂ. ಮೊದ್ಲು ಉಣ್ಲಿ. ಆಮೇಲೆ ಬೈಯುವಂತೆ" ಎಂದು ಅಮ್ಮ ಪಾತ್ರೆ ಒಲೆಗಿಟ್ಟಳು.

ಹೊರಗೆ ಅವನು ಗೋಡೆಗೆ ಒರಗಿ, "ಅಮ್ಮಾವ್ರೇ, ನಂಗೆ ಹೊರಗೇ ಕೊಟ್ಬಿಡಿ, ಎಲೆ ಆದ್ರೂ ಸಾಕು" ಎಂದ. ಮದುವೆ ಗೊತ್ತಾದ ದಿನದಿಂದ ಅವನು ಅಮ್ಮನನ್ನು ಅತ್ತೆ ಎನ್ನುತ್ತಿದ್ದ. ಈಗ ಅಮ್ಮಾವ್ರು ಆಗಿತ್ತು. ಅಮ್ಮ ಒಳಗಿನಿಂದಲೇ ಕೂಗಿದಳು. "ಅತ್ತೆ ಅಂತಿದ್ದೋನು ಅತ್ತೆ ಅಂತಾನೇ ಕರಿ. ನಾನೇನ್ ಬದಲಾಗಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಮಗಳನ್ನು ಬಿಟ್ಟು ಹೋದವನಿಗೆ ಅತ್ತೆ ಹಾಗೇ ಉಳಿದಿದ್ದಳು! ಚಾಪೆಯ ಮೇಲೆ ಮೂರು ತಟ್ಟೆ ಹಾಕಿದಳು. ಮುದ್ದೆ ಇಟ್ಟಳು. ಸೌಟಿನಲ್ಲಿ ನಲ್ಲಿ ಬಂತು. ನಾನು ಕಾದೆ. ಸೌಟು ನನ್ನ ತಲೆಯ ಮೇಲಿಂದಲೇ ದಾಟಿ ಅವನ ತಟ್ಟೆಗೆ ಹೋಯಿತು. ಎರಡು ಸಲ ಸಾರು ಸುರಿದು "ತಿನ್ನು" ಎಂದಳು. ಅವನು ತಿನ್ನುತ್ತ ಅತ್ತ. ನಾನು ಅಳಲಿಲ್ಲ. ನನ್ನ ತಟ್ಟೆಯಲ್ಲಿದ್ದ ಪಕ್ಕೆಯ ತುಂಡನ್ನು ಅದೇ ಶತ್ರು ಎನ್ನುವಂತೆ ಜಗಿದೆ.

ಅಲ್ಲಿಂದ ಅದು ವಾರದ ಪದ್ಧತಿಯಾಯಿತು, ಸ್ವಲ್ಪ ದಿನಕ್ಕೆ ದಿನದ ಪದ್ಧತಿಯೂ ಆಯಿತು. ನಮ್ಮ ಹಿತ್ತಲಲ್ಲಿ ಶೀಟು ಹಾಕಿದ ಒಂದು ರೂಮಿತ್ತು, ಬಾಡಿಗೆಗಿದ್ದ ಫ್ಯಾಕ್ಟರಿ ಹುಡುಗರು ಖಾಲಿ ಮಾಡಿದ್ದರು. ಅಮ್ಮ ಅದನ್ನು ಅವನಿಗೆ ಕೊಟ್ಟಳು. ಜೊತೆಯಲ್ಲಿ ಉಂಡರೆ, ಮುಟ್ಟಿದರೆ ಅದು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಾನೇ ಕೇಳಿಕೊಂಡು ಬಂದು ಅಮ್ಮನಿಗೆ ಹೇಳಿದ್ದೆ. ನನಗೆ ರೋಗದ ಭಯ ಯಾವತ್ತೂ ಇರಲಿಲ್ಲ, ಆ ಪುಣ್ಯವನ್ನಾದರೂ ನನ್ನ ಲೆಕ್ಕಕ್ಕೆ ಸೇರಿಸಿ. ಭಯ ಇದ್ದದ್ದು ಅವನಿಗೆ. ಅಂಚು ಕಿತ್ತುಹೋದ ಒಂದು ತಟ್ಟೆಯನ್ನು ತನ್ನದೆಂದು ಬೇರೆ ಮಾಡಿಕೊಂಡಿದ್ದ, ತಾನೇ ತೊಳೆದು ತನ್ನ ಕಿಟಕಿಯಲ್ಲಿಡುತ್ತಿದ್ದ. ನಮ್ಮ ನೀರಿನ ಕೊಡ ಮುಟ್ಟುತ್ತಿರಲಿಲ್ಲ. ಯಾರಿಗೂ ಏನನ್ನೂ ಕೈಯಿಂದ ಕೈಗೆ ಕೊಡುತ್ತಿರಲಿಲ್ಲ, ನೆಲದ ಮೇಲಿಟ್ಟು ಹಿಂದೆ ಸರಿಯುತ್ತಿದ್ದ.

ನನಗಿದ್ದದ್ದು ಹೊಟ್ಟೆಕಿಚ್ಚು, ಅಪ್ಪಟ ಹೊಟ್ಟೆಕಿಚ್ಚು. ಕೆಲಸದಿಂದ ಬಂದರೆ ಅಮ್ಮ ಹಿತ್ತಲಲ್ಲಿರುತ್ತಿದ್ದಳು. ಅವನ ಜೊತೆ ನಗುವುದು ಕೇಳಿಸುತ್ತಿತ್ತು. ಅವನು ಹಳೆಯ ಕೀರ್ತನೆ ಹಾಡಿದರೆ ಅಮ್ಮ ದನಿ ಸೇರಿಸುತ್ತಿದ್ದಳು. ಅಮ್ಮನಿಗೆ ಹಾಡಲು ಬರುತ್ತದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ! ನಾನು ಗೇಟು ದಡಾರೆಂದು ಹಾಕಿ, ಕಾಫಿ ಲೋಟ ಕುಕ್ಕಿ, ಮುಖ ಊದಿಸಿಕೊಂಡು ಓಡಾಡುತ್ತಿದ್ದೆ. "ಏನಾಯ್ತೆ ನಿಂಗೆ" ಎಂದು ಅಮ್ಮ ಕೇಳಿದರೆ, "ಏನಿಲ್ಲ, ಧೂಳು" ಎನ್ನುತ್ತಿದ್ದೆ. ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಬಂದು ಮನೆಯಲ್ಲಿ ಮಾಂಸ ನಿಂತಾಗ ನನಗೆ ಒಳಗೊಳಗೇ ಸಮಾಧಾನವಾಯಿತು. ನನಗಿಲ್ಲದಿದ್ದರೆ ಅವನಿಗೂ ಇಲ್ಲ.

ಆದರೆ ತಪಸ್ಸು ಕಾಲದ ಕೊನೆಗೆ ಪವಿತ್ರ ಗುರುವಾರ ಬರುತ್ತದೆ. ಅವತ್ತು ಸಂಜೆ ಪೂಜೆಯಲ್ಲಿ ಫಾದರ್ ಹನ್ನೆರಡು ಜನರ ಪಾದ ತೊಳೆಯುತ್ತಾರೆ, ಯೇಸುಸ್ವಾಮಿ ಶಿಷ್ಯರ ಪಾದ ತೊಳೆದ ನೆನಪಿಗೆ. ನಮ್ಮ ಚರ್ಚಿನಲ್ಲಿ ಆ ಕುರ್ಚಿಗಳು ಹಳೆಯ ಮನೆತನಗಳಿಗೆ ಸೇರಿದವು, ಮನೆಗೊಂದು ಕುರ್ಚಿ. ನಮ್ಮ ಮನೆಯ ಕುರ್ಚಿಯಲ್ಲಿ ಅಪ್ಪ ಕೂರುತ್ತಿದ್ದ. ಇದರಲ್ಲೊಂದು ತಮಾಷೆಯಿದೆ: ಪಾದ ತೊಳೆಸಿಕೊಳ್ಳುವವರು ಮನೆಯಲ್ಲೇ ಚೆನ್ನಾಗಿ ಪಾದ ತೊಳೆದುಕೊಂಡು ಹೋಗುತ್ತಾರೆ. ಫಾದರ್ ಕೈಗೆ ಕೊಳಕು ಕಾಲು ಕೊಡುವುದುಂಟೇ? ಅಪ್ಪ ಮಧ್ಯಾಹ್ನವೇ ಬಚ್ಚಲಲ್ಲಿ ಕೂತು, ಕಲ್ಲು ಹಾಕಿ ಹಿಮ್ಮಡಿ ಉಜ್ಜಿ, ಉಗುರು ಕತ್ತರಿಸಿ, ಕೊಬ್ಬರಿ ಎಣ್ಣೆ ಹಚ್ಚಿ, ಧೂಳಾಗದಿರಲೆಂದು ಎರಡೂ ಕಾಲಿಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಸೈಕಲ್ ತುಳಿಯುತ್ತಿದ್ದ. ಆ ಕುರ್ಚಿಯ ಮೇಲೆ ನನಗೆ ಚಿಕ್ಕಂದಿನಿಂದ ಕಣ್ಣು. ಅಪ್ಪ ತೀರಿಕೊಂಡ ವರ್ಷ, ನಾನು ಕೂರಲಾ ಎಂದು ಕೇಳಿದ್ದೆ. ಹೆಂಗಸರು ಕೂರುವಂತಿಲ್ಲ ಎಂದಿದ್ದರು. ಅಲ್ಲಿಂದ ಚಿಕ್ಕಪ್ಪನ ಮಗ ಕೂರುತ್ತಿದ್ದ, ಅದೂ ಮೊಬೈಲು ನೋಡಿಕೊಂಡು.

ಆ ವರ್ಷ ಅಮ್ಮ ನಮ್ಮ ಕುರ್ಚಿಗೆ ಅವನ ಹೆಸರು ಕೊಟ್ಟಳು.

ನನಗೆ ಹೇಳಿರಲಿಲ್ಲ. ಚರ್ಚಿನ ಕಮಿಟಿಯ ಹಿರಿಯರೊಬ್ಬರು ಮನೆಗೆ ಬಂದು, ಕಾಫಿಯನ್ನೂ ಮುಟ್ಟದೆ ಕೂತಾಗ ಗೊತ್ತಾಯಿತು. "ಅಮ್ಮಾ, ತಪ್ಪು ತಿಳ್ಕೋಬೇಡಿ. ಫಾದರ್ ಒಪ್ಪಿದ್ದಾರೆ, ಸರಿ. ಆದ್ರೆ ಮಿಕ್ಕ ಹನ್ನೊಂದು ಜನ ಕೂರಲ್ಲ ಅಂತಿದ್ದಾರೆ. ಅವ್ನಿಗೇಂತ ಬೇರೆ ಟವಲ್ ಇಟ್ರೆ ಕೂರ್ತಾರಂತೆ."

ಅಮ್ಮ ನೆಲದ ಮೇಲೆ ಸೊಪ್ಪು ಬಿಡಿಸುತ್ತಿದ್ದಳು. ತಲೆಯೆತ್ತಲಿಲ್ಲ. "ಅವತ್ತು ಸ್ವಾಮಿ ತನ್ನ ಇಡುದ್ಕೊಟ್ಟೋನ್ ಕಾಲೂ ತೊಳುದ್ರಲ್ವಾ?"

"ಹೌದಮ್ಮ."

"ಅವನ್ಗೆ ಬೇರೆ ಟವಲ್ ಇಟ್ಟಿದ್ರಾ?"

ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. "ಹಂಗಲ್ಲಮ್ಮ, ಜನ..."

"ಎಲ್ರುದೂ ಆದ್ಮೇಲೆ ಕಡೇಲಿ ಅವನ್ದು ತೊಳೀಲಿ. ಟವಲ್ ಅದೇ ಇರ್ಲಿ. ಇಷ್ಟ ಇಲ್ದೋರು ಎದ್ದೋಗ್ಲಿ, ಕುರ್ಚಿ ಖಾಲಿ ಬಿದ್ದಿರ್ಲಿ. ಕಾಫಿ ಆರೋಯ್ತದೆ, ಕುಡೀರಿ."

ಅವರು ಕುಡಿದು ಹೋದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಎಂಥ ಬಾಯಿ ನಮ್ಮಮ್ಮನದು ಎಂದು ಒಂದು ಗಳಿಗೆ ಹೆಮ್ಮೆಯಾಯಿತು, ಮರುಗಳಿಗೆಗೆ ಹಳೆಯದೆಲ್ಲ ನೆನಪಾಯಿತು. ಈ ಬಾಯಿ ಆ ಮೂರನೇ ಭಾನುವಾರ ಎಲ್ಲಿತ್ತು? ನನಗೋಸ್ಕರ ಒಂದು ಮಾತು ಹೊರಡದ ಬಾಯಿ, ಅವನಿಗೋಸ್ಕರ ಇಡೀ ಕಮಿಟಿಗೆ ಕಾಫಿ ಕುಡಿಸಿ ಕಳಿಸಿತು. ನನ್ನ ಬಾಯಿ ಜಾಸ್ತಿ ಎಂದವಳು ಇವಳೇ ತಾನೇ?

ಗುರುವಾರ ಅರ್ಧ ದಿನ ರಜೆ ಹಾಕಿ ಬಂದೆ. ಹಿತ್ತಲ ಬಾಗಿಲಿಗೆ ಹೋದರೆ, ಅವನು ಸ್ಟೂಲಿನ ಮೇಲೆ ಕೂತು ಹಟ ಮಾಡುತ್ತಿದ್ದ. "ಇಂಥಾ ಕಾಲ್ ಇಟ್ಕೊಂಡು ನಾನು ಹೋಗಲ್ಲ ಅತ್ತೆ. ಎಲ್ರೂ ನೋಡ್ತಾರೆ." ಕಾಲು ನಿಜಕ್ಕೂ ನೋಡುವಂತಿರಲಿಲ್ಲ. ಊದಿಕೊಂಡಿತ್ತು, ಹಿಮ್ಮಡಿ ಬಿರಿದಿತ್ತು, ಉಗುರು ಕಪ್ಪಾಗಿತ್ತು. ಬಗ್ಗಿ ತಾನೇ ತೊಳೆದುಕೊಳ್ಳಲು ಅವನಿಗೆ ಉಸಿರು ಸಾಲುತ್ತಿರಲಿಲ್ಲ. ಅಮ್ಮ ಬೋಗುಣಿಯಲ್ಲಿ ಬಿಸಿನೀರು ತಂದು ಉಪ್ಪು ಹಾಕಿದಳು. ಅಪ್ಪನ ಹಿಮ್ಮಡಿ ಉಜ್ಜುವ ಕಲ್ಲು ತಂದಳು. ಮಂಡಿನೋವಿನವಳು, ನೆಲಕ್ಕೆ ಕೂತರೆ ಏಳಲು ನನ್ನ ಕೈ ಬೇಕು, ಅಂಥವಳು ಕೂತೇಬಿಟ್ಟಳು. ಅವನ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಿನ ಸಂದಿಯೊಳಗೆ ಬೆರಳು ಹಾಕಿ, ಎಳೆ ಮಗುವಿನ ಕಾಲನ್ನು ತೊಳೆಯುವ ಹಾಗೆ ತೊಳೆದಳು.

ನನ್ನ ಕಾಲನ್ನು ಅಮ್ಮ ಕೊನೆಯ ಸಲ ಮುಟ್ಟಿದ್ದು ಯಾವಾಗ? ನೆನಪೇ ಇರಲಿಲ್ಲ. ನಾನೂ ದಿನವಿಡೀ ನಿಂತು ಕೆಲಸ ಮಾಡಿ ಬರುತ್ತಿದ್ದೆ, ನನಗೂ ಕಾಲು ನೋಯುತ್ತಿತ್ತು. ಅಮ್ಮ ಆ ಕಾಲನ್ನು ಸೀರೆಯ ಸೆರಗಿನಲ್ಲೇ ಒರೆಸಿ ಕೆಳಗಿಟ್ಟು, ಬಲಗಾಲಿಗೆ ಕೈ ಚಾಚಿದಳು.

"ಏಳಮ್ಮ ನೀನು" ಎಂದೆ. ಅವಳ ರಟ್ಟೆ ಹಿಡಿದು ಎಬ್ಬಿಸಿ, ಅವಳ ಜಾಗದಲ್ಲಿ ನಾನು ಕೂತೆ. ಆ ಬಲಗಾಲನ್ನು ಎಳೆದು ಬೋಗುಣಿಗೆ ಹಾಕಿದೆ.

ಇದನ್ನು ಆಮೇಲೆ ಎಷ್ಟೋ ಜನ ಕ್ಷಮೆ ಎಂದು ಕರೆದರು. ಬೀದಿಯ ಕೊನೆಯ ಮನೆಯಾಕೆ ಚರ್ಚಿನ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು, "ನಿಂದು ದೊಡ್ಡ ಮನಸ್ಸು ಕಣಮ್ಮ" ಎಂದು ಕಣ್ಣೊರೆಸಿಕೊಂಡಳು. ದೊಡ್ಡ ಮನಸ್ಸಂತೆ! ಅಮ್ಮನ ಕೈ ಆ ಎರಡನೇ ಕಾಲಿಗೂ ಹೋಗುವುದನ್ನು ನನಗೆ ನೋಡಲಾಗಲಿಲ್ಲ, ಅಷ್ಟೇ. ಒಂದು ಕಾಲು ಅಮ್ಮನದಾಯಿತು, ಇನ್ನೊಂದನ್ನು ಬಿಟ್ಟುಕೊಡುವುದಿಲ್ಲ ಎಂದು ಕಿತ್ತುಕೊಂಡೆ. ಅಮ್ಮ ಒಳಗೆ ಎಣ್ಣೆ ತರಲು ಹೋದಳು. ನಾನು ಕಲ್ಲು ಹಾಕಿ ಉಜ್ಜಿದೆ.

"ಮೆತ್ತಗೆ" ಎಂದ ಅವನು. ನಾನು ಮೆತ್ತಗೆ ಮಾಡಲಿಲ್ಲ. ಆಮೇಲೆ, "ಇನ್ನೂ ಕೋಪ ಇದ್ಯಾ ನನ್ಮೇಲೆ? ಅವತ್ತು ನಾನು..." ಎಂದು ಶುರು ಮಾಡಿದ.

"ಅದೆಲ್ಲ ಬೇಡ. ಕೋಪ ಯಾವತ್ತೋ ತೀರೋಯ್ತು. ಈಗ ಇರೋದು ಹೊಟ್ಟೆಕಿಚ್ಚು. ಕಾಲು ಅಲ್ಲಾಡಿಸ್ಬೇಡ."

ಅವನು ನಕ್ಕ, ಬಂದಮೇಲೆ ನನ್ನೆದುರು ಮೊದಲ ಸಲ. "ಹೊಟ್ಟೆಕಿಚ್ಚಾ? ನನ್ಮೇಲಾ? ನನ್ನ ನೋಡಿದ್ಯಾ ನೀನು?"

"ನೀನು ಬಂದ್ಮೇಲೆ ನಮ್ಮಮ್ಮ ನನ್ ತಟ್ಟೆ ಕಡೆ ನೋಡೇ ಇಲ್ಲ. ಆ ನಲ್ಲಿ ನಂದು. ಅಪ್ಪ ಆದ್ಮೇಲೆ ನಂದು. ಇರೋದೊಂದು ಅಮ್ಮ ನಂಗೆ."

ನಗು ನಿಂತಿತು. ಅವನು ಬೋಗುಣಿಯ ನೀರನ್ನೇ ನೋಡುತ್ತ ಕೂತ. ಅಮ್ಮ ಎಣ್ಣೆ ತಂದಳು. ಪ್ಲಾಸ್ಟಿಕ್ ಕವರು ಕಟ್ಟಿ ಆಟೋದಲ್ಲಿ ಕರೆದುಕೊಂಡು ಹೋದೆವು.

ಚರ್ಚಿನಲ್ಲಿ ಹನ್ನೊಂದು ಜನವೂ ಕೂತಿದ್ದರು. ಯಾರೂ ಎದ್ದು ಹೋಗಲಿಲ್ಲ, ಪಕ್ಕದವನು ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿಕೊಂಡ, ಅಷ್ಟೇ. ಫಾದರ್ ಕೊನೆಯಲ್ಲಿ ಅವನ ಮುಂದೆ ಮಂಡಿಯೂರಿದರು. ಅದೇ ನೀರು, ಅದೇ ಟವಲ್. ಬಗ್ಗಿ ಪಾದಕ್ಕೆ ಮುತ್ತಿಟ್ಟರು. ಇಟ್ಟದ್ದು ಬಲಗಾಲಿಗೆ, ನಾನು ತೊಳೆದದ್ದಕ್ಕೆ. ಅಮ್ಮ ನನ್ನ ಮೊಣಕೈ ತಿವಿದಳು. ನಾನು ತಿರುಗಿ ನೋಡಲಿಲ್ಲ, ಆದರೆ ಆ ತಿವಿತ ನನಗೆ ಇಷ್ಟವಾಯಿತು.

ಅವನು ಆ ವರ್ಷದ ಮಳೆಗಾಲ ದಾಟಲಿಲ್ಲ. ನಮ್ಮ ಹಿತ್ತಲಿನ ರೂಮಿನಲ್ಲೇ ಹೋದ, ಅಮ್ಮನ ಕೈಯಲ್ಲಿ ನೀರು ಕುಡಿದು. ಆ ದಿನದ ಬಗ್ಗೆ ಬರೆಯುವುದು ನನ್ನಿಂದಾಗದು. ಬರೆಯಬೇಕೆಂದು ಕೂತದ್ದು ಆ ಗುರುವಾರ ಕಳೆದು ಬಂದ ಈಸ್ಟರ್ ಭಾನುವಾರದ ಊಟದ ಬಗ್ಗೆ.

ತಪಸ್ಸು ಕಾಲ ಮುಗಿದು ಮನೆಯಲ್ಲಿ ಮತ್ತೆ ಮಸಾಲೆ ವಾಸನೆ ಎದ್ದಿತ್ತು. ಚಾಪೆಯ ಮೇಲೆ ಎರಡು ತಟ್ಟೆ, ಅವನದೊಂದು ಅಂಚು ಕಿತ್ತ ತಟ್ಟೆ. ಅಮ್ಮ ಮುದ್ದೆ ಇಟ್ಟಳು. ಸೌಟು ಎತ್ತಿದಳು. ನಲ್ಲಿ ಬಂತು. ಗುರುವಾರದ ಕಾಲು, ಮೊಣಕೈಯ ತಿವಿತ, ಎಲ್ಲ ನೆನೆದು ನಾನು ಆಸೆಯಿಂದ ತಟ್ಟೆಯನ್ನು ಒಂದಿಷ್ಟು ಮುಂದೆ ಸರಿಸಿದೆ. ಸೌಟು ಅವನ ತಟ್ಟೆಗೇ ಹೋಯಿತು. ಎರಡು ಸಲ ಸಾರು. "ತಿನ್ನು."

ನಾನು ತಲೆ ಬಗ್ಗಿಸಿ ಮುದ್ದೆ ಮುರಿದೆ. ಕಣ್ಣಲ್ಲಿ ನೀರು ಬಂದಿತ್ತು. ಆಗ ಅವನು ಆ ಮೂಳೆಯನ್ನು ಎತ್ತಿ ನನ್ನ ತಟ್ಟೆಯ ಕಡೆಗೆ ಕೈ ಚಾಚಿದ. ಅರ್ಧ ದಾರಿಯಲ್ಲಿ ಕೈ ನಿಂತುಹೋಯಿತು. ತಾನು ಯಾರು, ತನ್ನ ತಟ್ಟೆ ಎಂಥದು ಎನ್ನುವುದು ನೆನಪಾಗಿರಬೇಕು. ಸಾರು ಚಾಪೆಯ ಮೇಲೆ ತೊಟ್ಟಿಕ್ಕಿತು.

"ಬಾಯಿಗಿಟ್ಟಿಲ್ಲ. ಎಂಜಲಾಗಿಲ್ಲ" ಎಂದ. ಮುಖ ಸಪ್ಪಗಾಯಿತು. "ಆದ್ರೂ ಬೇಡ ಬಿಡು. ನನ್ ತಟ್ಟೇದು" ಎಂದು ಕೈ ಹಿಂದಕ್ಕೆಳೆದುಕೊಳ್ಳತೊಡಗಿದ.

ನಾನು ಅವನ ಮಣಿಕಟ್ಟು ಹಿಡಿದೆ. "ಎಂಜಲಾಗಿದ್ರೆ ಆಗಿರ್ಲಿ. ಅದು ನಂದು, ಕೊಡು."

ಅವನು ಕೊಟ್ಟ. ನೆಲದ ಮೇಲಿಡಲಿಲ್ಲ, ಕೈಯಿಂದ ಕೈಗೆ ಕೊಟ್ಟ. ನಾನು ಅದನ್ನು ತಟ್ಟೆಗೆ ಕುಟ್ಟಿ ಬಾಯಿಗಿಟ್ಟು ಹೀರಿದೆ. ಅಮ್ಮ ಸೌಟು ಹಿಡಿದು ನಿಂತೇ ಇದ್ದಳು. ನಾನು ಅವಳನ್ನೇ ದಿಟ್ಟಿಸಿ ನೋಡುತ್ತ ಇನ್ನೊಮ್ಮೆ ಹೀರಿದೆ. ಅವಳು ಪಾತ್ರೆಯಲ್ಲಿ ಸೌಟು ಅದ್ದಿ, ನನ್ನ ತಟ್ಟೆಗೆ ಎರಡು ಸಲ ಸಾರು ಸುರಿದಳು.

ಅವನ ತಟ್ಟೆಯಲ್ಲಿ ಬರೀ ಮುದ್ದೆ, ಸಾರು ಉಳಿದಿತ್ತು. ಅವನು ನನ್ನ ಬಾಯನ್ನೇ ನೋಡುತ್ತಿದ್ದ, ನಂಬಲಾಗದವನ ಹಾಗೆ. ಮೂಳೆಯೊಳಗೆ ಇನ್ನೂ ಅರ್ಧ ಇತ್ತು. ನಾನು ಅದನ್ನು ಅವನ ತಟ್ಟೆಗೆ ಹಾಕಿದೆ. "ಈಗ ಎಂಜಲಾಯ್ತು. ನಂದು. ಬೇಕಾದ್ರೆ ತಿನ್ನು, ಇಲ್ದಿದ್ರೆ ಬಿಡು."

ಅವನು ಅದನ್ನು ಎತ್ತಿಕೊಂಡು ತಟ್ಟೆಗೆ ಕುಟ್ಟಿದ. ಅಪ್ಪ ಕುಟ್ಟುತ್ತಿದ್ದ ಸದ್ದೇ ಬಂತು. ಅಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು ಒಳಗೆ ಹೋದಳು. ಆ ಕಣ್ಣೀರು ಯಾರಿಗೆ, ಅವನಿಗೋ ನನಗೋ ಗೊತ್ತಾಗಲಿಲ್ಲ, ಮತ್ತೆ ಹೊಟ್ಟೆ ಉರಿಯಿತು.